ಕೂಗಿದ ಮೇಲೆ ನಿಲ್ಲಬಾರದೆಂದು ಕಲಿಸಿದೆ

ನನ್ನ ಮೊಮ್ಮಗಳು ಈಗ ನಡೆಯುತ್ತಾಳೆ. ಕುಂಟುವುದಿಲ್ಲ. ಮೆಟ್ಟಿಲು ಹತ್ತುವಾಗ ಎಡಗಾಲನ್ನು ಒಂಚೂರು ನಿಧಾನವಾಗಿ ಎತ್ತುತ್ತಾಳೆ. ಅದು ಕೂಡ ಅವಳನ್ನೇ ನೋಡುತ್ತಾ ಕೂತಿರುವ ನನಗೆ ಕಾಣುತ್ತದೆ ಹೊರತು ಬೇರೆಯವರಿಗೆ ಕಾಣಲಿಕ್ಕಿಲ್ಲ. ಬೆಳಿಗ್ಗೆ ಶಾಲೆಗೆ ಹೊರಟವಳು ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ನನಗೆ ಕೈ ಬೀಸುತ್ತಾಳಲ್ಲ, ಆಗ ಎದೆ ತುಂಬಿ ಬಂದು, ಬಾಗಿಲು ಮುಚ್ಚಿದ ಮೇಲೂ ಅಲ್ಲೇ ನಿಂತಿರುತ್ತೇನೆ. ಎದುರು ಮನೆಯವರು ನೋಡಿ ನಗುತ್ತಾರೆ. ನಗಲಿ. ಆ ಎರಡು ಕಾಲು ನೆಲದ ಮೇಲೆ ನಿಂತಿವೆಯಲ್ಲ, ನನಗೆ ಅಷ್ಟು ಸಾಕು.

ನಾನು ಕಲಿತದ್ದು ಐದನೇ ಕ್ಲಾಸು. ನಲವತ್ತು ವರ್ಷ ಮುಂಬಯಿ ಕಡೆಯ ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇದ್ದವನು. ಬರೆದದ್ದೆಂದರೆ ಅಲ್ಲಿಯ ಕರಿ ಹಲಗೆಯ ಮೇಲೆ ಆ ದಿನದ ತಿಂಡಿಗಳ ಹೆಸರು ಮಾತ್ರ. ಆದರೂ ಇದನ್ನು ಬರೆದು ಇಡುತ್ತಿದ್ದೇನೆ. ನನ್ನ ಈ ಖುಷಿಯ ಅಡಿಯಲ್ಲಿ ಒಂದು ಕಲ್ಲು ಇದೆ. ಅದು ನನ್ನ ಕೈಯಿಂದಲೇ ಬಿದ್ದದ್ದು.

ಹೆಂಡತಿ ತೀರಿಕೊಂಡ ಮೇಲೆ ಮಗಳು ನನ್ನನ್ನು ಡೊಂಬಿವಲಿಯ ಒಂಟಿ ಕೋಣೆಯ ಖೋಲಿಯಿಂದ ಎಬ್ಬಿಸಿಕೊಂಡು ಠಾಣೆ ಶಹರಕ್ಕೆ ಕರೆತಂದಳು. ಘೋಡಬಂದರ್ ರಸ್ತೆಯ ಬದಿಯ ದೊಡ್ಡ ಕಾಂಪ್ಲೆಕ್ಸಿನಲ್ಲಿ ಹನ್ನೊಂದನೇ ಮಾಳಿಗೆಯ ಮನೆ. ಮಗಳಿಗೆ ಮುಂಬಯಿಯಲ್ಲಿ ಆಫೀಸು, ಅಳಿಯನಿಗೆ ನವಿ ಮುಂಬಯಿಯಲ್ಲಿ. ಇಬ್ಬರೂ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಗು ನನ್ನದು. ಐದು ವರ್ಷದ ಹೆಣ್ಣು. ಕನ್ನಡ ಹೇಳಿದರೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಕೋಪ ಬಂದರೆ ಮರಾಠಿಯಲ್ಲಿ. "ಅಜ್ಜ" ಎಂಬ ಒಂದು ಶಬ್ದ ಮಾತ್ರ ನಮ್ಮ ಊರಿನದು. ಅದನ್ನು ಅವಳು ದಿನಕ್ಕೆ ನೂರು ಸಲ ಹೇಳುತ್ತಿದ್ದಳು. ನಾನು ನೂರು ಸಲವೂ ಓಗೊಡುತ್ತಿದ್ದೆ.

ನನ್ನ ಸ್ವಂತ ಮಗಳ ಬಾಲ್ಯವನ್ನು ನಾನು ನೋಡಿದವನಲ್ಲ. ಅವಳು ಏಳುವ ಮೊದಲೇ ಹೋಟೆಲಿಗೆ ಹೋಗುತ್ತಿದ್ದೆ, ಮಲಗಿದ ಮೇಲೆ ಬರುತ್ತಿದ್ದೆ. ಹಾಗಾಗಿ ಈ ಮೊಮ್ಮಗಳ ಕೈ ಹಿಡಿದಾಗ, ದೇವರು ನನಗೆ ಒಮ್ಮೆ ತಪ್ಪಿಸಿದ್ದನ್ನು ಮತ್ತೆ ಬಡಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಎರಡು ಕೈಯಲ್ಲಿ ತಿಂದೆ ನಾನು.

ಐದನೇ ಹುಟ್ಟುಹಬ್ಬಕ್ಕೆ ಅಳಿಯ ಒಂದು ಸ್ಕೂಟರ್ ತಂದುಕೊಟ್ಟ. ಪೆಟ್ರೋಲಿನದ್ದಲ್ಲ. ಒಂದು ಕಾಲು ಹಲಗೆಯ ಮೇಲೆ ಇಟ್ಟು, ಇನ್ನೊಂದರಿಂದ ನೆಲ ಒದೆದು ಓಡಿಸುವಂಥದ್ದು. ಗುಲಾಬಿ ಬಣ್ಣ. ಗಾಲಿ ತಿರುಗಿದರೆ ಒಳಗೆ ದೀಪ ಮಿಣುಕುತ್ತದೆ. ಅದರ ಜೊತೆ ಹೆಲ್ಮೆಟ್ಟು, ಮೊಣಕಾಲಿಗೆ ಕಟ್ಟುವ ಪಟ್ಟಿ ಎಲ್ಲ ಬಂದಿತ್ತು. ಹಿಂದಿನ ಗಾಲಿಯ ಮೇಲೆ ಒಂದು ತಗಡು ಇದೆ, ಅದನ್ನು ಹಿಮ್ಮಡಿಯಲ್ಲಿ ಒತ್ತಿದರೆ ಬ್ರೇಕು ಎಂದು ಅಳಿಯ ನನಗೆ ತೋರಿಸಿದ್ದ. ನಾನು ಹೂಂ ಎಂದಿದ್ದೆ. ಒಂದು ದಿನವೂ ಅವಳಿಗೆ ಅದನ್ನು ಒತ್ತಲು ಕಲಿಸಲಿಲ್ಲ. ಹೆಲ್ಮೆಟ್ಟನ್ನು ಎರಡನೇ ದಿನವೇ ನಾನೇ ಬಿಚ್ಚಿದೆ. "ಅಜ್ಜ, ಗರ್ಮೀ ಹೋ ರಹೀ ಹೈ" ಎಂದಳು, ಕೂದಲು ಬೆವರಿ ಹಣೆಗೆ ಅಂಟಿತ್ತು, ನೋಡಲಾಗಲಿಲ್ಲ. ಈ ಪ್ರೀತಿ ಎಂಬುದು ಎಷ್ಟು ಹಾಳು ಮಾಡುತ್ತದೆ ನೋಡಿ.

ಸಂಜೆ ಐದಕ್ಕೆ ನಾವು ಕೆಳಗೆ ಇಳಿಯುತ್ತಿದ್ದೆವು. ಕಾಂಪ್ಲೆಕ್ಸಿನ ಒಳಗೆ ಮೂರು ಬಿಲ್ಡಿಂಗ್ ಸುತ್ತಿ ಬರುವ ಸಿಮೆಂಟಿನ ದಾರಿ ಇದೆ. ಆ ಹೊತ್ತಿಗೆ ಅಲ್ಲಿ ತಿರುಗಾಡುವ ಹೆಂಗಸರು, ಕೋಲೂರಿದ ಮುದುಕರು, ಬಾಲು ಆಡುವ ಮಕ್ಕಳು ಎಲ್ಲ ಸೇರಿ ಸಂತೆ. ನನ್ನ ಮೊಮ್ಮಗಳು ಹೆದರುಪುಕ್ಕಲು. ಎದುರಿಗೆ ಯಾರಾದರೂ ಬಂದರೆ ಸ್ಕೂಟರ್ ನಿಲ್ಲಿಸಿ ಇಳಿದುಬಿಡುತ್ತಿದ್ದಳು. ಅವರು ದಾಟಿ ಹೋದ ಮೇಲೆ ಮತ್ತೆ ಹತ್ತುವುದು. ಹತ್ತು ಹೆಜ್ಜೆಗೆ ನಾಲ್ಕು ಸಲ ಇಳಿಯುವುದು. ಉಳಿದ ಮಕ್ಕಳು ಸರ್ರನೆ ಪಕ್ಕದಲ್ಲಿ ಹೋಗುತ್ತಿದ್ದರು. ಅವಳ ಮುಖ ಸಣ್ಣದಾಗುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆಗ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಕೊಟ್ಟೆ.

ನಮ್ಮ ಹೋಟೆಲಿನಲ್ಲಿ ಅಡಿಗೆ ಕೋಣೆಯಿಂದ ಹೊರಗೆ ಬರುವ ದಾರಿ ಒಬ್ಬ ಹೋಗುವಷ್ಟೇ ಅಗಲ. ಸಪ್ಲೈಯರ್ ಆದವನಿಗೆ ಒಂದು ಕೈಯಲ್ಲಿ ಕುದಿಯುವ ಸಾಂಬಾರಿನ ಬಕೆಟ್ಟು, ಇನ್ನೊಂದರಲ್ಲಿ ಮೊಣಕೈಯವರೆಗೆ ಜೋಡಿಸಿದ ತಟ್ಟೆ. ಬಾಗಿಲು ದಾಟುವ ಮೊದಲೇ "ಗರಂ! ಗರಂ!" ಎಂದು ಕೂಗಬೇಕು. ಕೂಗಿದರೆ ಮುಗಿಯಿತು, ಎದುರಿಗಿದ್ದವರು ಗಿರಾಕಿಯಾಗಲಿ, ಸ್ವತಃ ಸೇಠ್ ಆಗಲಿ, ಗೋಡೆಗೆ ಒರಗಿ ದಾರಿ ಬಿಡಲೇಬೇಕು. ನಾನು ಹೊಸತರಲ್ಲಿ ಕೂಗಿ, ಆಮೇಲೆ ಯಾರಾದರೂ ಅಡ್ಡ ಬಂದರೋ ಎಂದು ನಿಂತು ನೋಡುತ್ತಿದ್ದೆ. ಹಳೇ ಸಪ್ಲೈಯರ್ ಒಬ್ಬರು ನನ್ನ ಬೆನ್ನಿಗೆ ಗುದ್ದಿ ಕಲಿಸಿದ್ದರು.

"ಕೂಗಿದ ಮೇಲೆ ನಿಲ್ಲೂಕಾಗ ಮಾರಾಯ. ನೀ ನಿಂತ್ರೆ ಹಿಂದೆ ಬಪ್ಪವ ನಿನ್ ಬೆನ್ನ್ ಮೇಲೆ ಹೊಯ್ತ."

ಆ ಮಾತಿನ ಮೇಲೆ ನಲವತ್ತು ವರ್ಷ ಹೊಟ್ಟೆ ಹೊರೆದೆ. ಒಮ್ಮೆಯೂ ಯಾರ ಮೈಮೇಲೂ ಒಂದು ಹನಿ ಬೀಳಿಸಿದವನಲ್ಲ. ಅದನ್ನೇ ಆ ಮಗುವಿಗೆ ಹೇಳಿಕೊಟ್ಟೆ.

"ಗರಂ ಅಂತ ದೊಡ್ಡಕೆ ಕೂಗು ಮಗಾ. ಎಲ್ಲರೂ ಬಾಜೂ ಆಗ್ತ್ರು. ಕೂಗಿದ್ ಮೇಲೆ ಮಾತ್ರ ನಿಲ್ಲೂಕಾಗ. ನಿಂತ್ರೆ ಬೀಳ್ತೆ."

"ಸಚ್ಚೀ, ಅಜ್ಜ? ಸಬ್ ಹಟ್ ಜಾಯೇಂಗೇ?"

"ಎಲ್ಲರೂ. ಸೇಠ್ ಕೂಡ."

ಮೊದಲ ಸಲ ಸಣ್ಣ ಸ್ವರದಲ್ಲಿ ಕೂಗಿದಳು. ಎದುರಿಗೆ ಬರುತ್ತಿದ್ದ ಇಬ್ಬರು ಹೆಂಗಸರು ನಕ್ಕು ಬದಿಗೆ ಸರಿದರು. ಅವಳು ತಿರುಗಿ ನನ್ನನ್ನು ನೋಡಿದ ನೋಟ! ಒಂದು ವಾರದಲ್ಲಿ ಇಡೀ ಕಾಂಪ್ಲೆಕ್ಸಿಗೆ ಅವಳು ಪರಿಚಯ. "ಬಾಜೂಲಾ ವ್ಹಾ, ಗರಮ್ ಆಲೀ!" ಎಂದು ಮುದುಕರು ಒಬ್ಬರಿಗೊಬ್ಬರು ಹೇಳಿ ದಾರಿ ಬಿಡುತ್ತಿದ್ದರು. ಬಾಲು ಆಡುವ ಮಕ್ಕಳೂ ಸರಿದು ನಿಲ್ಲುತ್ತಿದ್ದರು. ಅವಳು ತಲೆ ಎತ್ತಿ, ಎರಡು ಜುಟ್ಟು ಹಾರಿಸಿಕೊಂಡು ನಡುವಿನಲ್ಲಿ ಹೋಗುವಾಗ ನಾನು ಹಿಂದಿನಿಂದ ಓಡುತ್ತಾ ನಗುತ್ತಿದ್ದೆ. ಹೆದರುವ ಮಗುವಿಗೆ ಧೈರ್ಯ ಕಲಿಸಿದೆ ಎಂದು ಬೀಗಿದೆ.

ಕಾಂಪ್ಲೆಕ್ಸಿನ ಗೇಟಿನ ಹತ್ತಿರ ದಾರಿ ಇಳಿಜಾರು. ಗೇಟು ದಾಟಿದರೆ ಸರ್ವಿಸ್ ರೋಡು, ಅದರಾಚೆ ದೊಡ್ಡ ರಸ್ತೆ. ದೊಡ್ಡ ರಸ್ತೆಯಲ್ಲಿ ಕೆಲಸ ನಡೆದು ಗಾಡಿಗಳು ತೆವಳುತ್ತಿದ್ದುದರಿಂದ, ರಿಕ್ಷಾ, ಬೈಕು ಎಲ್ಲ ಸರ್ವಿಸ್ ರೋಡಿಗೆ ನುಗ್ಗಿ, ಎರಡೂ ಕಡೆಯಿಂದ ಬರುತ್ತಿದ್ದವು. ಅಲ್ಲಿ ಉಲ್ಟಾ ಬರುವುದೇ ರೂಢಿ. ನಾವು ಗೇಟಿನ ತನಕ ಹೋಗಿ, ವಾಚ್‌ಮನ್‌ಗೆ ನಮಸ್ಕಾರ ಹಾಕಿ ತಿರುಗುತ್ತಿದ್ದೆವು. ವಾಚ್‌ಮನ್ ಹೆಚ್ಚುಕಡಿಮೆ ನನ್ನ ಪ್ರಾಯದವನು, ಸಾತಾರಾ ಕಡೆಯವನು. ನನಗೂ ಅವನಿಗೂ ಸಂಜೆಯ ಚಹಾದ ಸ್ನೇಹ.

ಆ ದಿನ ಯಾರದೋ ಮನೆಯ ಸಾಮಾನು ಹೊತ್ತ ಟೆಂಪೋ ಒಳಗೆ ಬರುವುದಿತ್ತು. ಗೇಟಿನ ಎರಡೂ ಬಾಗಿಲು ತೆರೆದಿದ್ದವು. ವಾಚ್‌ಮನ್ ಟೆಂಪೋವನ್ನು ಒಳಗೆ ಬಿಟ್ಟು, ಅದರ ಡ್ರೈವರಿಗೆ ಎಲ್ಲಿ ನಿಲ್ಲಿಸಬೇಕೆಂದು ಕೈ ತೋರಿಸುತ್ತಾ ನಾಲ್ಕು ಹೆಜ್ಜೆ ಈಚೆ ಬಂದಿದ್ದ. ನಾನು ಮೊಮ್ಮಗಳ ಹಿಂದೆ ಇಪ್ಪತ್ತು ಹೆಜ್ಜೆಯಲ್ಲಿದ್ದೆ. ಅವಳು ಇಳಿಜಾರಿಗೆ ಬಂದಳು. ದಿನದ ಹಾಗೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಗೇಟಿನ ಆಚೆ ರಿಕ್ಷಾ ಬರುವುದು ಅವಳಿಗೆ ಕಂಡಿತ್ತು. ಕಂಡೇ ಕೂಗಿದಳು.

"ಗರಂ! ಗರಂ!"

ಕೂಗಿದ ಮೇಲೆ ನಿಲ್ಲಲಿಲ್ಲ.

ರಿಕ್ಷಾ ಜೋರಾಗಿ ಏನೂ ಬರುತ್ತಿರಲಿಲ್ಲ. ಬ್ರೇಕು ಹಾಕಿದ ಸದ್ದೂ ಕೇಳಿತು. ಮುಂದಿನ ಗಾಲಿ ಸ್ಕೂಟರಿಗೆ ತಾಗಿ ಅವಳು ಬಿದ್ದಳು, ಎಡಗಾಲು ಸ್ಕೂಟರಿನ ಅಡಿಯಲ್ಲಿ ಸಿಕ್ಕಿತು. ನಾನು ಹೇಗೆ ಅಲ್ಲಿಗೆ ಮುಟ್ಟಿದೆ ಎಂಬುದು ನೆನಪಿಲ್ಲ. ಅವಳು ಅಳುತ್ತಿರಲಿಲ್ಲ. ಬಾಯಿ ತೆರೆದುಕೊಂಡು ರಿಕ್ಷಾವನ್ನು ನೋಡುತ್ತಿದ್ದಳು. ಅದು ಅವಳಿಗೆ ಮೋಸ ಮಾಡಿದ ಹಾಗೆ.

ಆ ರಿಕ್ಷಾದವನೇ ನಮ್ಮಿಬ್ಬರನ್ನು ಆಸ್ಪತ್ರೆಗೆ ಒಯ್ದ. ದಾರಿಯುದ್ದ ಒಂದೇ ಮಾತು ಹೇಳುತ್ತಿದ್ದ, "ಬಾಬಾ, ಬಚ್ಚೀ ಚಿಲ್ಲಾ ರಹೀ ಥೀ, ಮೈನೇ ಸುನಾ. ಮೈ ಸಮ್ಝಾ ಕಿಸೀಕೋ ಬುಲಾ ರಹೀ ಹೈ." ಮಗು ಕೂಗಿದ್ದು ಅವನಿಗೆ ಕೇಳಿತ್ತು. ಯಾರನ್ನೋ ಕರೆಯುತ್ತಿದೆ ಎಂದುಕೊಂಡಿದ್ದ. ಉಲ್ಟಾ ಬಂದದ್ದು ಅವನ ತಪ್ಪು, ಹೌದು. ಆದರೆ ಆ ಕೂಗಿಗೆ ದಾರಿ ಬಿಡಬೇಕು ಎಂದು ಅವನಿಗೆ ಯಾರು ಹೇಳಿದ್ದರು?

ಮೊಣಕಾಲಿನ ಕೆಳಗಿನ ಎಲುಬು ಮುರಿದಿತ್ತು. ಹಣೆಗೆ ಮೂರು ಹೊಲಿಗೆ. ಹೆಲ್ಮೆಟ್ಟು ಮನೆಯಲ್ಲಿ ಚಪ್ಪಲಿ ಇಡುವ ಕಪಾಟಿನ ಮೇಲೆ ಇತ್ತು. ತೊಡೆಯವರೆಗೆ ಪ್ಲಾಸ್ಟರ್ ಹಾಕುವಾಗ ಡಾಕ್ಟರಮ್ಮ ಹೇಗಾಯಿತೆಂದು ಕೇಳಿದರು. ಅಷ್ಟರಲ್ಲಿ ಮಗಳು ಆಫೀಸಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು. ಮೊಮ್ಮಗಳು ಬಿಕ್ಕುತ್ತಾ ಹೇಳಿದಳು, "ಮೈನೇ ಗರಂ ಬೋಲಾ ಥಾ. ದೋ ಬಾರ್ ಬೋಲಾ. ರಿಕ್ಷಾ ಹಟಾ ಹೀ ನಹೀಂ."

ಎರಡು ಸಲ ಗರಂ ಎಂದರೂ ರಿಕ್ಷಾ ಸರಿಯಲೇ ಇಲ್ಲ ಎಂಬುದು ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ತಲೆ ಸವರಿದರು. ನಾನು ಮಗಳ ಮುಖ ನೋಡಲಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಅಳಿಯನಿಗೆ ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ನನ್ನ ಮೇಲೆ ಅಲ್ಲ, ಗೇಟಿನ ಮೇಲೆ. "ಮಕ್ಕಳು ಆಡುವ ಹೊತ್ತಿಗೆ ಗೇಟು ಹಾಗೆ ತೆರೆದಿಟ್ಟರೆ ಹೇಗೆ ಮಾವ? ವಾಚ್‌ಮನ್ ಎಂದು ಯಾಕೆ ಇಟ್ಟುಕೊಳ್ಳುವುದು?" ಎಂದು ಸೊಸೈಟಿಯ ಕಮಿಟಿಗೆ ಬರೆದುಕೊಟ್ಟ. ಕಮಿಟಿಯವರು ಬಂದು ನನ್ನನ್ನು ಕೇಳಿದರು, "ಕಾಕಾ, ಗೇಟು ತೆರೆದಿತ್ತಾ?" ತೆರೆದಿತ್ತು ಎಂದೆ. ಸುಳ್ಳಲ್ಲ. ಅಷ್ಟೇ ಹೇಳಿ ಸುಮ್ಮನಾದೆ.

ಹೇಳಿದರೆ ಮಗುವನ್ನು ನನ್ನ ಕೈಗೆ ಮತ್ತೆ ಕೊಡುವುದಿಲ್ಲ ಎಂಬ ಹೆದರಿಕೆ. ಬೇರೇನೂ ಅಲ್ಲ. ಬೈಗುಳಕ್ಕೆ ನಾನು ಹೆದರುವವನಲ್ಲ, ಹೋಟೆಲಿನಲ್ಲಿ ಎಷ್ಟು ತಿಂದಿಲ್ಲ! ಆದರೆ ಮಧ್ಯಾಹ್ನ ಒಂದು ಗಂಟೆಗೆ ಶಾಲೆಯ ಬಸ್ಸಿನಿಂದ ಇಳಿದು ಆ ಮಗು "ಅಜ್ಜ" ಎಂದು ಓಡಿ ಬರುವುದು ನಿಂತುಹೋದರೆ ನನ್ನ ದಿನದಲ್ಲಿ ಇನ್ನೇನು ಉಳಿಯುತ್ತದೆ? ಅವಳು ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿರುತ್ತಿದ್ದಳು. ನಾನು ಬದಿಯಲ್ಲಿ ಕೂತು ದೋಸೆ ಚೂರು ಮಾಡಿ ತಿನ್ನಿಸುತ್ತಿದ್ದೆ. ಒಂದು ದಿನ ಮೆಲ್ಲ ಕೇಳಿದಳು, "ಅಜ್ಜ, ಮೈನೇ ಜೋರ್ ಸೇ ನಹೀಂ ಬೋಲಾ ಕ್ಯಾ?" ತಾನು ಜೋರಾಗಿ ಕೂಗದೆ ಹೋದದ್ದೇ ತಪ್ಪಾಯಿತೋ ಎಂದು ಮಗು ಯೋಚನೆ ಮಾಡುತ್ತಿತ್ತು. ದೋಸೆಯ ತಟ್ಟೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಎರಡನೇ ವಾರ ವಾಚ್‌ಮನ್ ಮೇಲೆ ಬಂದ. ಯೂನಿಫಾರ್ಮ್ ಇರಲಿಲ್ಲ, ಬಿಳಿ ಅಂಗಿ ಹಾಕಿದ್ದ. ಕೈಯಲ್ಲಿ ಕಾಗದದ ಪೊಟ್ಟಣದಲ್ಲಿ ನಾಲ್ಕು ಸೀಬೆ ಹಣ್ಣು. ಅವನನ್ನು ಇಲ್ಲಿಂದ ತೆಗೆದಿದ್ದರು, ಮರುದಿನದಿಂದ ನವಿ ಮುಂಬಯಿಯಲ್ಲಿ ಎಲ್ಲೋ ಹಾಕಿದ್ದರು. ಮಗುವಿನ ಪ್ಲಾಸ್ಟರಿನ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ.

"ಚೂಕ್ ಮಾಝೀಚ್, ಬಾಬಾ. ಗೇಟ್ ಲಾವಾಯ್ಲಾ ಹವಂ ಹೋತಂ."

ತಪ್ಪು ನನ್ನದೇ, ಗೇಟು ಹಾಕಬೇಕಿತ್ತು ಎಂದು ಅವನು ಮನಸಾರೆ ಹೇಳುತ್ತಿದ್ದ. ಚಹಾ ಕುಡಿದು ಹೋಗು ಎಂದೆ, ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಲಿಫ್ಟು ಕೆಳಗೆ ಇಳಿಯುವ ಸದ್ದು ಕೇಳುತ್ತಾ ನಿಂತೆ. ನನ್ನ ತಪ್ಪನ್ನು ಒಬ್ಬ ಮನುಷ್ಯ ತನ್ನದೆಂದು ಹೊತ್ತುಕೊಂಡು ಹನ್ನೊಂದು ಮಾಳಿಗೆ ಇಳಿದು ಹೋಗುತ್ತಿದ್ದಾನೆ, ನಾನು ಬಾಗಿಲು ಹಿಡಿದು ನಿಂತಿದ್ದೇನೆ.

ಸಂಜೆ ಮನೆಗೆ ಬಂದ ಮಗಳಿಗೆ ಕಾಲು ತೊಳೆಯುವುದಕ್ಕೂ ನಾನು ಬಿಡಲಿಲ್ಲ. ಅಡಿಗೆ ಕೋಣೆಯಲ್ಲೇ ಹೇಳಿದೆ. ಗರಂ ಎಂದು ಕೂಗಲು ಕಲಿಸಿದ್ದು, ನಿಲ್ಲಬೇಡ ಎಂದದ್ದು, ಹೆಲ್ಮೆಟ್ಟು ಬಿಚ್ಚಿದ್ದು, ಬ್ರೇಕು ಕಲಿಸದೆ ಇದ್ದದ್ದು, ಎಲ್ಲ.

ಅವಳು ಚಹಾದ ಪಾತ್ರೆಯನ್ನು ಒಲೆಯ ಮೇಲೆ ಇಟ್ಟಳು. ಬೆಂಕಿ ಹಚ್ಚಲಿಲ್ಲ.

"ನಂಗೆ ಗೊತ್ತಿತ್ತ್, ಅಪ್ಪಯ್ಯ."

"ಯಾವಾಗಿಂದ?"

"ಆಸ್ಪತ್ರೆಯಲ್ಲಿ ಅವಳ್ ಹೇಳ್ದಾಗ್ಳೇ. ನಾ ಸಣ್ಣದಿಪ್ಪತಿಗೆ ಅಮ್ಮ ನಿಮ್ಮನ್ನ್ ಕಾಣೂಕೆ ಹೋಟ್ಲಿಗೆ ಕರ್ಕಂಡ್ ಬತ್ತಿತ್ತ್. ನಿಮ್ಮ್ ಮುಖ ಕಾಣ್ದಿರೂ ಆ ಗರಂ ಗರಂ ಸ್ವರ ಕೇಂತಿತ್ತ್. ಅದ್ನ ಮರೂಕ್ ಆತ್ತಾ?"

"ಮತ್ತೆಂತಕೆ ಸುಮ್ನಿದ್ದೆ?"

"ನೀವ್ ಹೇಳ್ತ್ರಿ ಅಂದೇಳಿ ಕಾದೆ. ಹದಿಮೂರ್ ದಿನ ಕಾದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಒಲೆ ಹಚ್ಚಿ, ಬೆನ್ನು ಹಾಕಿಯೇ ಹೇಳಿದಳು, "ಅವಳ್ನ ಪಾಳಣಾಘರಕ್ಕೆ ಹಾಕ್ತೆ, ಅಪ್ಪಯ್ಯ. ಪ್ಲಾಸ್ಟರ್ ತೆಗ್ದ್ ಮೇಲೆ. ನಾನೇ ಬಿಡ್ತೆ, ನಾನೇ ಕರ್ಕಂಡ್ ಬತ್ತೆ."

ಪಾಳಣಾಘರ ಎಂದರೆ ಇಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಮನೆ. ದೊಡ್ಡ ರಸ್ತೆಯ ಆಚೆ, ಅಲ್ಲಿಯ ಸರ್ವಿಸ್ ರೋಡಿನ ಬದಿಯ ಕಾಂಪ್ಲೆಕ್ಸಿನಲ್ಲಿ ಒಂದು ಇದೆ. ನಾನು ಆಯಿತು ಎಂದೆ. ನಾನು ಹೆದರಿದ್ದು ಅದಕ್ಕೇ. ಅದೇ ಆಯಿತು. ನ್ಯಾಯವೇ ಆಯಿತು.

ಮಗಳಿಂದ ಎಲ್ಲ ತಿಳಿದು ಅಳಿಯ ಕಮಿಟಿಯವರ ಹತ್ತಿರ ಹೋಗಿ ತನ್ನ ದೂರು ಹಿಂದೆ ತೆಗೆದುಕೊಂಡ. ಅಷ್ಟರಲ್ಲಿ ಗೇಟಿಗೆ ಹೊಸ ವಾಚ್‌ಮನ್ ಬಂದಾಗಿತ್ತು, ಹಳಬನನ್ನು ತಿರುಗಿ ಕರೆಸಲು ಆಗುವುದಿಲ್ಲ ಎಂದರು. ಪ್ಲಾಸ್ಟರ್ ತೆಗೆದ ಮೇಲೆ ನಾನು ಒಂದು ಆದಿತ್ಯವಾರ ಠಾಣೆಯಿಂದ ಲೋಕಲ್ ಹತ್ತಿ ನವಿ ಮುಂಬಯಿಗೆ ಹೋಗಿ, ಅವನು ಇದ್ದ ಬಿಲ್ಡಿಂಗನ್ನು ಹುಡುಕಿದೆ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಒಂದೇ ಮಾತು ಕೇಳಿದ, ಹುಡುಗಿ ಈಗ ನಡೆಯುತ್ತಾಳಾ ಎಂದು. ನಡೆಯುತ್ತಾಳೆ ಎಂದೆ. "ಮಗ್ ಬಸ್" ಎಂದ. ಹಾಗಾದರೆ ಸಾಕು, ಎಂದು. ಅವನ ಮನೆಯಿಂದ ಅಲ್ಲಿಗೆ ಎರಡು ಗಂಟೆ ದಾರಿ. ಮೊದಲು ಇಪ್ಪತ್ತು ನಿಮಿಷ ಇತ್ತು.

ಸ್ಕೂಟರನ್ನು ಮಗಳು ಎಸೆಯಲಿಲ್ಲ. ಆದಿತ್ಯವಾರ ಬೆಳಿಗ್ಗೆ ಹೆಲ್ಮೆಟ್ಟು, ಪಟ್ಟಿ ಎಲ್ಲ ಕಟ್ಟಿ, ಗಾಡಿ ಬಾರದ ಹಿಂದಿನ ಅಂಗಳಕ್ಕೆ ಅವಳೇ ಕರೆದೊಯ್ಯುತ್ತಾಳೆ. ಹಿಮ್ಮಡಿ ಒತ್ತಿ ನಿಲ್ಲಿಸುವುದನ್ನು ಮೊದಲು ಕಲಿಸಿದಳು. ಹತ್ತು ಸಲ ನಿಲ್ಲಿಸಿದರೆ ಒಂದು ಸಲ ಓಡಿಸಲು ಬಿಡುತ್ತಾಳೆ. ನಾನು ಬಾಲ್ಕನಿಯಿಂದ ನೋಡುತ್ತೇನೆ. ಅಷ್ಟು ಮೇಲಿನಿಂದ ಅವಳು ಒಂದು ಗುಲಾಬಿ ಚುಕ್ಕೆ.

ನಾಲ್ಕು ತಿಂಗಳು ಹಾಗೆ ಹೋಯಿತು. ಮೊನ್ನೆ ಸಂಜೆ ಮಗಳ ಫೋನು ಬಂತು. ಲೋಕಲ್ ಮುಲುಂಡಿನ ಹತ್ತಿರ ನಿಂತುಬಿಟ್ಟಿದೆ, ಪಾಳಣಾಘರ ಮುಚ್ಚುವ ಹೊತ್ತಾಯಿತು, ಅಳಿಯ ಇನ್ನೂ ಆಫೀಸಿನಲ್ಲಿ. ಹಿಂದೆ ರೈಲಿನೊಳಗಿನ ಗಲಾಟೆ ಕೇಳುತ್ತಿತ್ತು.

"ಅಪ್ಪಯ್ಯ, ನೀವೇ ಹೋಯ್ ಕರ್ಕಂಡ್ ಬನ್ನಿ."

"ನಾನಾ?"

"ಹೌದ್, ನೀವೇ. ಕೈ ಬಿಡ್ಬೇಡಿ."

ಅಂಗಿ ಸಿಕ್ಕಿಸಿಕೊಂಡು ಹೊರಟೆ. ಲಿಫ್ಟು ಬರಲು ತಡವಾಯಿತೆಂದು ನಾಲ್ಕು ಮಾಳಿಗೆ ನಡೆದೇ ಇಳಿದು, ಅಲ್ಲಿ ಲಿಫ್ಟು ಹಿಡಿದೆ. ಪಾಳಣಾಘರದಲ್ಲಿ ನನ್ನನ್ನು ಕಂಡದ್ದೇ ಮಗು ಚೀಲ ಎಳೆದುಕೊಂಡು ಬಾಗಿಲಿಗೆ ಓಡಿ ಬಂತು. "ಅಜ್ಜ! ಆಜ್ ತುಮ್?" ಅವಳ ಕೈ ನನ್ನ ಕೈಯೊಳಗೆ ಬಂದಾಗ ನನಗೆ ಅಲ್ಲೇ ಕೂತು ಅಳಬೇಕೆನ್ನಿಸಿತು.

ಆ ಬದಿಯ ಸರ್ವಿಸ್ ರೋಡಿನ ಅಂಚಿಗೆ ಬಂದೆವು. ನಾನು ಎರಡೂ ಕಡೆ ನೋಡಿದೆ. ಮತ್ತೊಮ್ಮೆ ನೋಡಿದೆ. ಒಂದು ಗಾಡಿಯೂ ಇರಲಿಲ್ಲ.

"ಬಾ ಮಗಾ, ದಾಟುವ. ಖಾಲಿ ಇತ್ತ್."

ಅವಳು ಬರಲಿಲ್ಲ. ಕೈ ಹಿಂದಕ್ಕೆ ಎಳೆದು, ಎರಡು ಕಾಲೂರಿ ನಿಂತಳು. "ಥಾಂಬ್, ಅಜ್ಜ." ನಿಲ್ಲು, ಎಂದು. ನನ್ನ ಮಾತಿನ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕುತ್ತಿಗೆ ಚಾಚಿ ತಾನೇ ಬಲಕ್ಕೆ ನೋಡಿದಳು. ಗಾಡಿಗಳು ಬರಬಾರದ ಎಡ ಬದಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆ ಮುಖದಲ್ಲಿ ನನ್ನ ಮೇಲೆ ಕೋಪ ಇರಲಿಲ್ಲ. ನಂಬಿಕೆಯೂ ಇರಲಿಲ್ಲ. ಆರು ತುಂಬದ ಮಗು, ಅಜ್ಜ ಹೇಳಿದ್ದೆಲ್ಲ ನಿಜವಲ್ಲ ಎಂದು ತಿಳಿದುಕೊಂಡಿತ್ತು.

ಎದೆಯೊಳಗೆ ಏನೋ ಹರಿದ ಹಾಗಾಯಿತು. ಆದರೂ, ಹೇಗೆ ಹೇಳಲಿ, ಅಷ್ಟು ಸಂತೋಷ ನನಗೆ ಅವಳು ಹುಟ್ಟಿದ ದಿನವೂ ಆಗಿರಲಿಲ್ಲ. ನಾನು ನಿಂತೆ. ಅವಳಾಗಿ "ಆತಾ ಚಲ್", ಈಗ ನಡೆ, ಎಂದು ನನ್ನ ಕೈ ಎಳೆಯುವವರೆಗೆ ರಸ್ತೆಗೆ ಕಾಲಿಡಲಿಲ್ಲ.